ಹದಿನಾಲ್ಕನೇ ನಳಿಕೆಯ ಎಂಟು ಮಂದಿ

ಗಾಜಿನ ಹಲಗೆಯ ಹದಿನಾಲ್ಕನೇ ಗುಳಿಯಲ್ಲಿ ಗಂಟು ಕಂಡ ಮೇಲೂ ಪೀರಮ್ಮ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. ತೆಗೆದರೆ ಅದು ನಿಜವಾಗಿಬಿಡುತ್ತದೆ, ತೆಗೆಯದಿದ್ದರೆ ಇನ್ನೂ ನೋಡುತ್ತಲೇ ಇದ್ದೇನೆ ಎಂದು ತನಗೆ ತಾನೇ ಹೇಳಿಕೊಳ್ಳಬಹುದು ಎಂಬ ಹಟ. ಉಳಿದ ಹತ್ತೊಂಬತ್ತು ಗುಳಿಗಳಲ್ಲಿ ಔಷಧ ತಿಳಿಮಜ್ಜಿಗೆಯ ಹಾಗೆ ಸಮನಾಗಿ ಹರಡಿಕೊಂಡು ತೆಪ್ಪಗಿತ್ತು. ಇದೊಂದರಲ್ಲಿ ಮಾತ್ರ ರವೆ ಕಟ್ಟಿದಂತೆ ಕೂಡಿಕೊಂಡಿತ್ತು. ಕೂಡಿಕೊಂಡರೆ ಗರ್ಮಿ ರೋಗ ಇದೆ ಎಂದು ಅರ್ಥ, ಅಥವಾ ಇರಬಹುದು ಎಂದು ಅರ್ಥ. ಗಂಡು ಹೆಣ್ಣಿನ ಕೂಟದಿಂದ ಬರುವ ರೋಗ; ಅದರ ಹೆಸರೆತ್ತಿದರೆ ಸಿಂಧನೂರಿನ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಒತ್ತಿಕೊಂಡು ಕೂತವರೂ ಪಕ್ಕಕ್ಕೆ ಸರಿಯುತ್ತಾರೆ. ಕಿಟಕಿಯಾಚೆ ಅಕ್ಕಿ ಮಿಲ್ಲಿನ ಕಣದಲ್ಲಿ ಹುಸೇನಮ್ಮನ ಗುಂಪಿನ ಹೆಂಗಸರು ಬೇಯಿಸಿದ ನೆಲ್ಲನ್ನು ಕಾಲಿನಿಂದ ತಿರುವುತ್ತಾ ಸಾಲಾಗಿ ನಡೆಯುತ್ತಿದ್ದರು. ಎಂಟು ಜನ ನಡೆಯಬೇಕಾದ ಸಾಲು. ನಾಲ್ಕು ದಿನದಿಂದ ಏಳೇ ಜನ ನಡೆಯುತ್ತಿದ್ದರು. ಈ ಗುಳಿಗೆ ಹನಿ ಹಾಕಿದ ಹದಿನಾಲ್ಕನೇ ನಳಿಕೆಯಲ್ಲಿದ್ದುದು ಆ ಏಳು ಜನರ ರಕ್ತ. ಎಂಟನೆಯದು ಪೀರಮ್ಮನದೇ.

ಎಂಬತ್ತೆಂಟರ ಚಳಿಗಾಲ ಅದು. ಮಿಲ್ಲಿನ ಮಾಲೀಕರೇ ಆವರಣದೊಳಗೆ ನಡೆಸುತ್ತಿದ್ದ ದವಾಖಾನೆಯಲ್ಲಿ ಪೀರಮ್ಮ ರಕ್ತ ಪರೀಕ್ಷೆ ಮಾಡುವವಳು. ಹಮಾಲನೊಬ್ಬನಿಗೆ ಗುಪ್ತಾಂಗದಲ್ಲಿ ಹುಣ್ಣು ಎದ್ದದ್ದೇ ನೆಪವಾಗಿ ಅವನನ್ನು ಬಿಡಿಸಿ, ಉಳಿದ ಎಲ್ಲ ಆಳುಗಳ ರಕ್ತ ನೋಡಬೇಕೆಂದು ಮಾಲೀಕರ ಹುಕುಂ ಆಯಿತು. ನೂರರವತ್ತು ಮಂದಿ, ಶೀಸೆಯಲ್ಲಿದ್ದ ಔಷಧ ಐವತ್ತು ಪರೀಕ್ಷೆಗೆ ಸಾಲುವಷ್ಟು. ಡಾಕ್ಟರ್ ವೆಂಕೋಬರಾಯರು ತಲೆಗೆ ಕೈ ಹೊತ್ತು ಕೂತಾಗ ಲೆಕ್ಕ ಹಾಕಿ ಕೊಟ್ಟವಳು ಅವಳು. ನೂರಕ್ಕೆ ಇಬ್ಬರಿಗೆ ರೋಗ ಎಂದು ಹಿಡಿದರೆ ಒಬ್ಬರು ಸ್ವಚ್ಛ ಇರುವ ಸಂಭವ ನೂರಕ್ಕೆ ತೊಂಬತ್ತೆಂಟು. ಎಂಟು ಜನರ ರಕ್ತ ಒಂದೇ ನಳಿಕೆಯಲ್ಲಿ ಕೂಡಿಸಿದರೆ ಎಂಟಕ್ಕೆ ಎಂಟೂ ಸ್ವಚ್ಛ ಇರುವ ಸಂಭವ, ಅದನ್ನೇ ಎಂಟು ಸಲ ಗುಣಿಸುತ್ತಾ ಹೋದರೆ, ನೂರಕ್ಕೆ ಎಂಬತ್ತೈದು. ಇಪ್ಪತ್ತು ನಳಿಕೆಯಲ್ಲಿ ಹದಿನೇಳು ತೆಪ್ಪಗಿರುತ್ತವೆ, ಮೂರು ಕೂಡಿಕೊಳ್ಳುತ್ತವೆ. ಆ ಮೂರರ ಇಪ್ಪತ್ನಾಲ್ಕು ಜನರನ್ನು ಮಾತ್ರ ಎರಡನೇ ಸುತ್ತಿನಲ್ಲಿ ಒಬ್ಬೊಬ್ಬರಾಗಿ ನೋಡಿದರೆ ನೂರರವತ್ತರ ಕೆಲಸ ನಲವತ್ನಾಲ್ಕರಲ್ಲಿ ಮುಗಿಯುತ್ತದೆ. ಎಂಟು ಪಾಲಾದರೆ ರೋಗ ತೆಳುವಾಗಿ ಕಾಣದೆ ಹೋದೀತೇ ಎಂದು ರೋಗವಿದ್ದ ಹಳೆಯ ರಕ್ತ ಒಂದು ಪಾಲು, ಇಲ್ಲದ್ದು ಏಳು ಪಾಲು ಬೆರೆಸಿ ನೋಡಿಯೂ ಇದ್ದಳು, ಕಂಡಿತು. ತೀರ ಸಣ್ಣದು ತಪ್ಪಿಸಿಕೊಂಡೀತು ಎಂದೂ ಹೇಳಿದ್ದಳು. ಆ ಹಾಳೆಯನ್ನು ವೆಂಕೋಬರಾಯರು ಮಾಲೀಕರ ಮುಂದೆ ಹರವಿ ತಮ್ಮದೇ ಎಂಬಂತೆ ವಿವರಿಸುವಾಗ ಅವಳು ಬಾಗಿಲ ಹೊರಗೆ ಇದ್ದಳು. ಒಳಗೆ ಎಲ್ಲರಿಗೂ ಪಿಂಗಾಣಿ ಕಪ್ಪು ಬಂತು. ಅವಳಿಗೆ ಗೋಡೆಯ ಗೂಡಿನಲ್ಲಿ ಬೇರೆಯಾಗಿ ಇಟ್ಟಿದ್ದ ಸ್ಟೀಲ್ ಲೋಟ. ಮಸ್ಕಿಯ ಕೇರಿಯಿಂದ ಬಂದವಳಿಗೆ ಆ ಲೋಟದ ಗುರುತು ಯಾರೂ ಹೇಳಿಕೊಡಬೇಕಿರಲಿಲ್ಲ. ಅದನ್ನು ತೊಳೆದು ಅದೇ ಗೂಡಿನಲ್ಲಿಟ್ಟು ಬಂದಿದ್ದಳು, ಆಮೇಲೆ ಎರಡು ದಿನ ತೊಳೆದದ್ದಕ್ಕೆ ತನ್ನ ಮೇಲೇ ಸಿಟ್ಟಾಗಿದ್ದಳು.

ರಕ್ತ ತೆಗೆಯುವ ದಿನ ಆಳುಗಳು ಗುಂಪು ಗುಂಪಾಗಿ ಬಂದರು, ಗುಂಪಿಗೆ ಎಂಟೆಂಟು. ಒಬ್ಬೊಬ್ಬರದೂ ಸ್ವಲ್ಪ ಎರಡನೇ ಸುತ್ತಿಗೆಂದು ಬೇರೆ ಎತ್ತಿಟ್ಟು, ಉಳಿದದ್ದನ್ನು ಬಂದ ಹಾಗೆಯೇ ನಳಿಕೆಗೆ ಸುರಿದಳು. ತಪ್ಪಾದದ್ದು ಅಲ್ಲಿಯೇ. ಒಂದೊಂದು ಗುಂಪಿನಿಂದ ಒಬ್ಬೊಬ್ಬರನ್ನು ಆರಿಸಿ ಕಲಸಿದ್ದರೆ ಇವತ್ತು ಹದಿನಾಲ್ಕು ಎಂಬುದು ಬರೀ ಒಂದು ಅಂಕಿಯಾಗಿ ಉಳಿಯುತ್ತಿತ್ತು. ಈಗ ಅದಕ್ಕೆ ಊರಿದೆ, ಮುಖವಿದೆ, ಕಣದಲ್ಲಿ ಅದರದೇ ಸಾಲಿದೆ. ಗೊರೇಬಾಳದ ಹುಸೇನಮ್ಮ ಅವತ್ತು ತೋಳು ಚಾಚಿ ಕೂತು, "ಯವ್ವಾ, ನಮ್ಮ ಆದಮ್ಮ ಮುದಗಲ್ಲಿಗೆ ಹೋಗ್ಯಾಳ, ತಂಗಿ ಹಡದಾಳ. ಏಳ ಮಂದಿ ಅದೀವಿ. ನಡೀತೈತೇನು?" ಎಂದಿದ್ದಳು. ಏಳಾದರೂ ನಡೆಯುತ್ತಿತ್ತು, ಲೆಕ್ಕಕ್ಕೆ ಕೂದಲೆಳೆಯಷ್ಟೂ ಊನವಿರಲಿಲ್ಲ. ಆದರೆ ಪೀರಮ್ಮನ ಬಾಯಲ್ಲಿ ಅವಳ ತಾಯಿ ಮಾರೆಮ್ಮ ಬಂದು ಕೂತಳು. ಮಾರೆಮ್ಮ ಮಸ್ಕಿಯಿಂದ ಟ್ರ್ಯಾಕ್ಟರ್ ಹತ್ತಿ ಕಾಲುವೆ ನೀರಿನ ಗದ್ದೆಗೆ ನಾಟಿಗೆ ಹೋಗುತ್ತಿದ್ದವಳು. ಬಾರದವಳ ಸಾಲನ್ನು ಬಂದವರು ತುಂಬಬೇಕು, ಸಾಲು ಖಾಲಿ ಬಿಟ್ಟರೆ ಗೌಡ ಇಡೀ ಗುಂಪನ್ನೇ ಬೈಯುತ್ತಾನೆ ಎಂಬುದು ಅವಳ ಶಾಸ್ತ್ರ. "ಸಾಲು ಖಾಲಿ ಬಿಡಬಾರದಲ್ಲ," ಎಂದಳು ಪೀರಮ್ಮ. "ಹಂಗಾದ್ರ ನೀನ ತುಂಬು," ಎಂದಳು ಹುಸೇನಮ್ಮ. "ನಮ್ಮ ರಕ್ತ ಅಷ್ಟ ತಗೀತಿ ಏನು? ನಿನ್ನ ಮೈಯಾಗ ಏನು ಹರೀತೈತಿ, ಜ್ವಾಳದ ಅಂಬಲಿಯೇನು?" ಏಳೂ ಜನ ನಕ್ಕರು. ಪೀರಮ್ಮನೂ ನಗುತ್ತಲೇ ರಬ್ಬರ್ ಪಟ್ಟಿಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ತೋಳಿಗೆ ಬಿಗಿದು ತನ್ನ ರಕ್ತ ತಾನೇ ತೆಗೆದಳು. ತನ್ನ ತಂಬಿಗೆಯನ್ನು ಯಾರಿಗೂ ಮುಟ್ಟಗೊಡದ ಪಾರ್ವತೆಮ್ಮ ಮೂತಿ ತಿರುವಿ ಕೂತಿದ್ದಳು. ಅವಳ ರಕ್ತವೂ ಕೇರಿಯವಳ ರಕ್ತವೂ ಒಂದೇ ನಳಿಕೆಯಲ್ಲಿ ಬಿದ್ದು ಅಲುಗಾಡಿಸಿದಾಗ ಯಾವುದು ಯಾವುದೆಂದು ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ. ಪೀರಮ್ಮನಿಗೆ ಒಳಗೊಳಗೇ ಖುಷಿಯಾಗಿತ್ತು. ಇದು ಯಾವ ರೋಗದ ಪರೀಕ್ಷೆ ಎಂದು ಮಾತ್ರ ಅವಳು ಅವರಿಗೆ ಹೇಳಿರಲಿಲ್ಲ. ರಕ್ತದಲ್ಲಿ ಬಲ ಐತೋ ಇಲ್ಲೋ ನೋಡ್ತಾರ ಎಂದಿದ್ದಳು, ಹಾಗೇ ಹೇಳು ಎಂದು ಡಾಕ್ಟರು ಹೇಳಿಕೊಟ್ಟಿದ್ದರು.

"ಮುಗೀತೇನು?" ಎನ್ನುತ್ತಾ ವೆಂಕೋಬರಾಯರು ಹಿಂದಿನಿಂದ ಬಂದರು. ಅವಳು ಸರಿದಳು, ಅವರು ಬಗ್ಗಿ ನೋಡಿದರು, ಎರಡು ಸಲ. "ಒಂದೇ. ಮೂರು ಬರ್ತಾವ ಅಂದಿದ್ದಿ, ಒಂದೇ ಬಂತು. ಭೇಷ್ ಆತು. ಹದಿನಾಲ್ಕು ಯಾರ ಗುಂಪದು?" ಯಾವ ನಳಿಕೆಗೆ ಯಾರ ಹೆಸರು ಎಂದು ಬರೆದ ಪುಸ್ತಕ ಕಪಾಟಿನಲ್ಲಿತ್ತು, ಕೀಲಿ ಪೀರಮ್ಮನ ಸೊಂಟದಲ್ಲಿತ್ತು. "ಲೆಕ್ಕ ಇನ್ನೂ ಅರ್ಧ ಉಳದೈತ್ರಿ," ಎಂದಳು. "ಎರಡನೇ ಸುತ್ತು ಮಾಡಬೇಕು. ಒಂದು ತಾಸು ಸಾಕು." ವೆಂಕೋಬರಾಯರು ಕನ್ನಡಕ ಒರೆಸಿಕೊಂಡರು. ಕೆಟ್ಟ ಮನುಷ್ಯ ಅಲ್ಲ ಅವರು. ಮಾಲೀಕರ ಜೀಪಿನ ಸದ್ದು ಕೇಳಿದರೆ ತಾನಾಗಿ ಎದ್ದು ನಿಲ್ಲುವ ಮನುಷ್ಯ, ಅಷ್ಟೆ. "ಎರಡನೇ ಸುತ್ತು ಬ್ಯಾಡ ಅಂದಾರ ಮಾಲೀಕರು. ಉಳಿದ ಔಷಧ ನಾಳೆ ಮಸ್ಕಿ ಮಿಲ್ಲಿಗೆ ಒಯ್ಯಬೇಕು. ಎಂಟು ಆಳು ಬದಲಿ ಮಾಡೋದು ಅವರಿಗೇನು ದೊಡ್ಡದು ಪೀರಮ್ಮ? ಮುನೀಮ ಪಟ್ಟಿಗೆ ಅಂತ ಬಂದು ಕೂತಾನ. ಬರದು ಕೊಟ್ಟುಬಿಡು, ಹೆಸರು ಅಷ್ಟ." ಅವಳು ಅವರ ಮುಖ ನೋಡಿದಳು. ಈ ಎಂಟರಲ್ಲಿ ಒಬ್ಬೊಬ್ಬಳೂ ರೋಗಿಯಾಗಿರುವ ಸಂಭವ ನೂರಕ್ಕೆ ಹದಿಮೂರು, ಇಲ್ಲದಿರುವ ಸಂಭವ ಎಂಬತ್ತೇಳು. ಕಾಲುವೆ ಸೀಮೆಯಲ್ಲಿ ಮಲೇರಿಯಾ ಜ್ವರ ಬಂದು ಹೋದ ರಕ್ತವೂ ಸುಮ್ಮಸುಮ್ಮನೆ ಹೀಗೆ ಗಂಟು ಕಟ್ಟುವುದುಂಟು. ಅದನ್ನೂ ಹಿಡಿದರೆ ಎಂಬತ್ತೇಳು ಇನ್ನೂ ಮೇಲೇರುತ್ತದೆ. ಎಂಬತ್ತೇಳು ಪಾಲು ಸ್ವಚ್ಛ ಇರುವವಳನ್ನು ಹದಿಮೂರು ಪಾಲಿಗಾಗಿ ಹೊರಗೆ ಹಾಕಿದರೆ ಗೊರೇಬಾಳದಲ್ಲಿ ಅವಳ ಗಂಡ, ಅತ್ತೆ, ನೆರೆಮನೆಯವರು ಯಾವ ಪಾಲನ್ನು ನಂಬುತ್ತಾರೆ? ತಾನು ಔಷಧ ಉಳಿಸಲು ಮಾಡಿದ ಲೆಕ್ಕದ ಅರ್ಧ ಹರಿದುಕೊಂಡು ಇವರು ಹೊರಟಿದ್ದರು. "ಕೈ ತೊಳಕೊಂಡು ಬರ್ತೀನ್ರಿ," ಎಂದಷ್ಟೇ ಹೇಳಿ ಅವಳು ನಲ್ಲಿಯ ಕಡೆ ಹೋದಳು.

ನಲ್ಲಿಯಲ್ಲಿ ನೀರಿರಲಿಲ್ಲ. ಬಕೆಟ್ಟಿನಲ್ಲಿ ಕೈ ಅದ್ದಿ ಹಾಗೇ ನಿಂತಳು. ಒಂದು ಸುಲಭದ ದಾರಿ ಇತ್ತು, ಅದು ಹೊಳೆದಾಗ ಅವಳಿಗೆ ತನ್ನ ಬಗ್ಗೆಯೇ ಅಸಹ್ಯವಾಯಿತು, ಆದರೂ ಅದನ್ನು ಪೂರಾ ಯೋಚಿಸಿಯೇ ಯೋಚಿಸಿದಳು. ತನ್ನದೊಂದನ್ನು ಗುಟ್ಟಾಗಿ ನೋಡಿಕೊಳ್ಳುವುದು. ಸ್ವಚ್ಛ ಬಂದರೆ ಪುಸ್ತಕದ ಎಂಟನೇ ಸಾಲನ್ನು ಬ್ಲೇಡಿನಿಂದ ಕೆರೆದುಹಾಕುವುದು, ಏಳು ಹೆಸರು ಕೊಟ್ಟು ಸಂಜೆ ಬಸ್ಸಿಗೆ ಮಸ್ಕಿಗೆ ಹೋಗಿ ತಾಯಿ ಮಾಡಿದ ರೊಟ್ಟಿ ತಿನ್ನುವುದು. ಸ್ವಚ್ಛ ಬರದಿದ್ದರೆ? ಬರದಿರಲಿಕ್ಕೂ ಸಾಕು. ಲಿಂಗಸುಗೂರಿನಲ್ಲಿ ಒಬ್ಬನಿದ್ದ, ಎರಡು ವರ್ಷ. ಮದುವೆಯಾಗುತ್ತೇನೆ ಎನ್ನುತ್ತಲೇ ಇದ್ದು ತನ್ನ ಜಾತಿಯ ಹೆಣ್ಣನ್ನು ಮದುವೆಯಾದ, ಲಗ್ನಪತ್ರಿಕೆಯನ್ನು ತಾನೇ ತಂದು ಕೊಟ್ಟ. ಅವನ ಮೈಯಲ್ಲಿ ಏನಿತ್ತೋ ಯಾರು ಕಂಡವರು. ಲಿಂಗಸುಗೂರು ಎಂದರೆ ಅವಳಿಗೆ ಅವನಿಗಿಂತ ಮೊದಲು ತಾನು ಓದುವಾಗ ಇದ್ದ ಹಾಸ್ಟೆಲ್ಲಿನ ಟ್ರಂಕುಗಳು ಕಾಣುತ್ತವೆ. ವಾರ್ಡನ್ ಅಕ್ಕನವರ ವಾಚು ಕಳೆದಾಗ ಅವರು ಕಿಟಕಿ ಕಡೆಯ ಸಾಲಿನ ಆರು ಹುಡುಗಿಯರ ಟ್ರಂಕು ಮಾತ್ರ ತೆಗೆಸಿದ್ದರು. ಆ ಆರು ಜನ ಯಾವ ಯಾವ ಓಣಿಯವರು ಎಂದು ಎಲ್ಲರಿಗೂ ಗೊತ್ತಿತ್ತು. ಪೀರಮ್ಮನ ಟ್ರಂಕಿನಿಂದ ಹೊರಬಂದದ್ದು ತೇಪೆ ಹಾಕಿದ ಲಂಗ, ಒಣಗಿದ ಅರ್ಧ ರೊಟ್ಟಿ. ಮೂವತ್ತು ಹುಡುಗಿಯರು ಆ ರೊಟ್ಟಿಯನ್ನು ನೋಡುತ್ತಿದ್ದರು. ಒಂದು ಹೆಸರು ಹೇಳಿ, ಉಳಿದವರು ಊಟಕ್ಕೆ ಹೋಗಿ ಎಂದರು ವಾರ್ಡನ್. ರೊಟ್ಟಿಯ ಮೇಲಿನ ಕಣ್ಣುಗಳು ಬೇರೆ ಕಡೆ ತಿರುಗಿದರೆ ಸಾಕಾಗಿತ್ತು ಅವಳಿಗೆ. "ಖಾಸಿಂಬೀ ಇರಬಹುದ್ರಿ," ಎಂದುಬಿಟ್ಟಳು. ಖಾಸಿಂಬೀ ಪಕ್ಕದ ಮಂಚದವಳು, ಪೀರಮ್ಮನ ಜಡೆ ಹೆಣೆಯುತ್ತಿದ್ದವಳು. ಆ ದಿನವೇ ಟ್ರಂಕು ತಲೆಯ ಮೇಲೆ ಹೊತ್ತುಕೊಂಡು ಮುದಗಲ್ಲಿನ ಬಸ್ಸು ಹತ್ತಿದಳು, ಮತ್ತೆ ಬರಲಿಲ್ಲ. ಎಂಟು ದಿನಕ್ಕೆ ವಾಚು ಬಚ್ಚಲಿನ ಗೂಡಿನಲ್ಲಿ ಸಿಕ್ಕಿತು. ಅವತ್ತು ಎಲ್ಲರಿಗೂ ಹುಗ್ಗಿ ಮಾಡಿಸಿದರು, ಪೀರಮ್ಮ ಎರಡು ಸಲ ಹಾಕಿಸಿಕೊಂಡು ತಿಂದಿದ್ದಳು. ಖಾಸಿಂಬೀಯ ಬೆರಳು ಕೂದಲಲ್ಲಿ ಆಡಿದ್ದು ನೆತ್ತಿಯ ಮೇಲೆ ಈಗಲೂ ಒಮ್ಮೊಮ್ಮೆ ತಿಳಿಯುತ್ತಿತ್ತು. ಬಕೆಟ್ಟಿನಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು. ಸಾಯಲಿ, ಇನ್ನೊಂದು ಹೆಸರು ಈ ಬಾಯಿಂದ ಬರುವುದಿಲ್ಲ ಎಂದುಕೊಂಡಳು.

ಮುನೀಮ ಬಸ್ಸಪ್ಪ ಡಾಕ್ಟರ ಕೋಣೆಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಕಿವಿಯಲ್ಲಿ ಪೆನ್ನು. "ಬಾರವ್ವ, ನಿನ್ನ ದಾರೀನ ಕಾಯಾಕತ್ತೀನಿ. ಲಗೂ ಬರದು ಕೊಡು, ಹೊಸಾ ಗುಂಪಿಗೆ ಹೇಳಿ ಕಳಸಬೇಕು." ಪೀರಮ್ಮ ಕಪಾಟಿಗೆ ಹೋಗಲಿಲ್ಲ. ಮೇಜಿನ ಮೇಲಿದ್ದ ಚೀಟಿಯನ್ನು ಎಳೆದುಕೊಂಡು, ಯಾರೂ ಹೇಳದೆಯೇ ಕುರ್ಚಿಯ ಮೇಲೆ ಕೂತಳು. ಆ ಕೋಣೆಯಲ್ಲಿ ಅವಳು ಕೂತದ್ದು ಅದೇ ಮೊದಲು. ದುಂಡಗಿನ ಅಕ್ಷರದಲ್ಲಿ ನಿಧಾನವಾಗಿ ಬರೆದು ಚೀಟಿಯನ್ನು ಬಸ್ಸಪ್ಪನ ಕಡೆ ತಳ್ಳಿದಳು. ಪೀರಮ್ಮ, ತಂದೆ ದುರುಗಪ್ಪ, ಊರು ಮಸ್ಕಿ. ಬಸ್ಸಪ್ಪ ಓದಿದ, ತಿರುವಿ ಹಿಂದುಗಡೆ ನೋಡಿದ, ಅಲ್ಲಿ ಏನೂ ಇರಲಿಲ್ಲ. "ಇದು ನಿನ್ನ ಹೆಸರಲ್ಲೇನು?"

"ಹೌದ್ರಿ. ಹದಿನಾಲ್ಕರಾಗ ನಾನೂ ಅದೀನಿ. ಒಬ್ಬಾಕಿ ಕಡಿಮಿ ಬಿದ್ದಿದ್ಲು, ನಂದು ಹಾಕೀನಿ. ಎಂಟೂ ಮಂದೀನ ಹೊರಗ ಹಾಕೋದಾದ್ರ ಮೊದಲ ಇದನ್ನ ಬರಕೋರಿ. ಉಳಿದ ಏಳು ಎರಡನೇ ಸುತ್ತು ಆಗೋತನ ನನ್ನ ಕಡಿಂದ ಸಿಗಂಗಿಲ್ಲ."

ಬಸ್ಸಪ್ಪ ಒಮ್ಮೆ ಅವಳ ಮುಖ ನೋಡಿದ. ಆಮೇಲೆ ಬಹಳ ಸಾವಕಾಶವಾಗಿ ಡಾಕ್ಟರ ಮುಖ ನೋಡಿದ. ದಿನವಿಡೀ ಇದೇ ಎರಡು ಕೋಣೆಯಲ್ಲಿ ಇವರಿಬ್ಬರೇ ಎಂಬ ಲೆಕ್ಕ ಅವನ ತುಟಿಯ ತುದಿಯಲ್ಲಿ ನಗೆಯಾಗಿ ಎದ್ದಿತು. ವೆಂಕೋಬರಾಯರ ಕಿವಿ ಕೆಂಪಾಯಿತು. "ಛೇ, ನಿಂದು ಇರಲಾರದು ಪೀರಮ್ಮ," ಎಂದರು ಅವಸರದಲ್ಲಿ. "ಹ್ಯಾಂಗ ಗೊತ್ತಾತು ಸಾಹೇಬ್ರ? ನಾ ಯಾರಂತ ಲೆಕ್ಕಕ್ಕ ಗೊತ್ತಿಲ್ಲ. ಅವರಿಗೆ ನೂರಕ್ಕ ಹದಿಮೂರು ಅಂದ್ರ ನನಗೂ ಹದಿಮೂರು." "ಆತು, ನಿಂದೊಂದು ನೋಡಿಬಿಡು, ಈಗಿಂದೀಗ." "ನೋಡಿದ್ರ ಎಂಟೂ ನೋಡ್ತೀನಿ. ಇಲ್ಲಾಂದ್ರ ಒಂದೂ ಇಲ್ಲ." ಅವಳ ದನಿ ಏರಿರಲಿಲ್ಲ. ಏಳು ಹೆಣ್ಣಾಳುಗಳಿಗೆ ಒಂದು ತಾಸು ದುಬಾರಿಯಾಗಿತ್ತು. ಡಾಕ್ಟರ ಮಾನದ ಪ್ರಶ್ನೆ ಬಂದ ಕೂಡಲೇ ಆ ತಾಸು ಎಲ್ಲಿಂದಲೋ ಸಿಕ್ಕಿತು. "ಎಂಟೂ ಮಾಡು," ಎಂದರು ವೆಂಕೋಬರಾಯರು. "ಮಾಲೀಕರಿಗೆ ನಾ ಹೇಳ್ತೀನಿ."

ಅವಳು ನೆಟ್ಟಗೆ ಕಣಕ್ಕೆ ಹೋದಳು. ಚಪ್ಪಲಿ ಬಿಟ್ಟು ನೆಲ್ಲಿನ ಮೇಲೆ ನಿಂತು ಹುಸೇನಮ್ಮನಿಗೆ ಎಲ್ಲವನ್ನೂ ಹೇಳಿದಳು: ಯಾವ ರೋಗದ ಪರೀಕ್ಷೆ, ಎಂಟರಲ್ಲಿ ಏನು ಕಂಡಿದೆ, ತಾನು ಮೊದಲು ಹೇಳದೆ ಮುಚ್ಚಿಟ್ಟದ್ದು. ಏಳೂ ಜನ ಕಾಲು ನಿಲ್ಲಿಸಿದರು. ಪಾರ್ವತೆಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಹುಸೇನಮ್ಮ ಬೈದಳು, ಬಗೆಬಗೆಯಾಗಿ ಬೈದಳು, ಪೀರಮ್ಮ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡಳು. ಬೈಗುಳ ತೀರಿದ ಮೇಲೆ ಹುಸೇನಮ್ಮ ಕೇಳಿದಳು: "ಮುನೀಮನ ರಕ್ತ ಯಾವ ನಳಿಕ್ಯಾಗ ಐತಿ? ಮಾಲಕರದ್ದು?" "ಯಾವುದ್ರಾಗೂ ಇಲ್ಲ." "ಹಂಗ ಹೇಳು ಮತ್ತ." ಅವಳು ಉಗುಳಿ ಬಾಯಿ ಒರೆಸಿಕೊಂಡಳು. "ರೋಗ ಕಂಡ್ರ ಮದ್ದು ಐತೇನು?" "ಐತಿ. ಸೊಂಟಕ್ಕ ಪೆನಿಸಿಲಿನ್ ಸೂಜಿ. ವಾಸಿ ಆಗ್ತೈತಿ." "ಸೂಜಿ ಎಲ್ಲಿ ಚುಚ್ಚತೀರಿ?" "ಒಳಗ, ಪರದೆ ಹಿಂದ." "ಹಂಗಾದ್ರ ಎಂಟೂ ಮಂದಿ ಪರದೆ ಹಿಂದ ಹೋಗೋಣು," ಎಂದಳು ಹುಸೇನಮ್ಮ. "ಎಂಟೂ ಮಂದಿ ಸೊಂಟ ಹಿಡಕೊಂಡು ಬರೋಣು. ಯಾರಿಗೆ ಚುಚ್ಚಿದ್ರು ಅಂತ ನೋಡವನು ನೋಡಲಿ."

ಕರೆಂಟು ಹೋಗಿತ್ತು. ಎಂಟು ಗುಳಿಗೆ ಎಂಟು ಹನಿ ರಕ್ತದ ತಿಳಿ, ಮೇಲೆ ಒಂದೊಂದು ಹನಿ ಔಷಧ ಹಾಕಿ ಪೀರಮ್ಮ ಗಾಜಿನ ಹಲಗೆಯನ್ನು ಕೈಯಲ್ಲೇ ತಿರುವಿದಳು, ನಾಲ್ಕು ನಿಮಿಷ. ಮೊದಲನೆಯ ಗುಳಿಗೆ ತನ್ನದು ಹಾಕಲೋ ಕೊನೆಗೆ ಹಾಕಲೋ ಎಂದು ತಡವರಿಸಿ ಪುಸ್ತಕದಲ್ಲಿ ಇದ್ದ ಹಾಗೆಯೇ ಎಂಟನೆಯದಕ್ಕೆ ಹಾಕಿದ್ದಳು. ಮೊಣಕೈ ನೋಯುತ್ತಿತ್ತು. ಲಿಂಗಸುಗೂರಿನವನ ಮುಖ ಬಂತು, ಹೋಯಿತು. ಹದಿಮೂರು ಎಂಬ ಅಂಕಿ ಹಾಳೆಯ ಮೇಲೆ ಇದ್ದಾಗ ಎಷ್ಟು ಸಣ್ಣದಾಗಿತ್ತು, ತನ್ನ ಹೊಟ್ಟೆಯೊಳಗೆ ಕೂತಾಗ ಎಷ್ಟು ದೊಡ್ಡದಾಯಿತು ಎಂದು ಅವಳಿಗೆ ಆಶ್ಚರ್ಯವಾಯಿತು. ಏಳು ಜನರಿಗೂ ಇಷ್ಟೇ ದೊಡ್ಡದಾಗಿರಬೇಕು ಈಗ. ಹಲಗೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟಳು, ಕಿಟಕಿಯ ಬೆಳಕಿಗೆ ಕನ್ನಡಿ ತಿರುವಿದಳು, ನೋಡಿದಳು. ಏಳು ತೆಪ್ಪಗಿದ್ದವು. ಒಂದು ಕೂಡಿಕೊಂಡಿತ್ತು.

ಯಾವುದು ಎಂದು ಕೇಳಬೇಡಿ. ಮುನೀಮನಿಗೆ ಹೇಳದ್ದನ್ನು ನಿಮಗೆ ಹೇಳಿದರೆ ಪೀರಮ್ಮ ಇಷ್ಟೆಲ್ಲಾ ಮಾಡಿದ್ದು ಯಾತಕ್ಕೆ? ಅವಳಿಗೆ ಗೊತ್ತು, ಸೂಜಿ ಚುಚ್ಚಿದ ವೆಂಕೋಬರಾಯರಿಗೆ ಗೊತ್ತು, ಚುಚ್ಚಿಸಿಕೊಂಡವಳಿಗೆ ಗೊತ್ತು. ಪರದೆಯ ಹಿಂದೆ ರಾಯರು ತಲೆಯೆತ್ತದೆ ತಮ್ಮ ಕೆಲಸ ಮಾಡಿದರು. ಒಬ್ಬೊಬ್ಬಳೂ ಒಳಗೆ ಹೋಗಿ ಒಂದೇ ಹೊತ್ತು ಇದ್ದು ಹೊರಬಂದಳು. ಹುಸೇನಮ್ಮ ಗೋಡೆ ಹಿಡಿದುಕೊಂಡು, ಸತ್ತೆನವ್ವ ಎಂದು ನರಳುತ್ತಾ ಬಸ್ಸಪ್ಪನ ಪಕ್ಕದಲ್ಲೇ ಹಾದು ಹೋದಳು. ಪಾರ್ವತೆಮ್ಮ ಸೊಂಟ ಮುಟ್ಟಿಕೊಳ್ಳಲು ನಾಚಿದಳು, ಹಿಂದಿನವಳು ತಿವಿದ ಮೇಲೆ ಮುಟ್ಟಿಕೊಂಡಳು. ಏಳೂ ಜನ ಕುಂಟುತ್ತಾ ಕಣಕ್ಕೆ ಇಳಿದು ನೆಲ್ಲಿನಲ್ಲಿ ಕಾಲಿಟ್ಟರು. ಬಸ್ಸಪ್ಪ ಕಿವಿಯ ಪೆನ್ನು ಕೈಗೆ ತೆಗೆದುಕೊಂಡು ಪ್ರತಿಯೊಬ್ಬಳ ನಡಿಗೆಯನ್ನೂ ಅಳೆಯುತ್ತಿದ್ದ. ಒಂದೇ ಹೆಸರು ಬರೆಯೋಣವೆಂದರೆ ಯಾರದೆಂದು ತಿಳಿಯದು, ಎಂಟೂ ಬರೆದರೆ ದವಾಖಾನೆಯವಳದನ್ನೂ ಬರೆಯಬೇಕು; ಏನೂ ಬರೆಯಲಾಗದೆ ಹಣೆಯ ಬೆವರು ಒರೆಸಿಕೊಂಡ.

ಕೊನೆಗೆ ಪರದೆ ಸರಿಸಿ ಎಂಟನೆಯವಳು ಬಂದಳು. ಬಂದು ಅವನ ಎದುರಿಗೇ ನಿಂತಳು, ಕಣ್ಣಲ್ಲಿ ಕಣ್ಣಿಟ್ಟು, ಬಲಗೈಯಿಂದ ಸೊಂಟ ತಿಕ್ಕಿಕೊಳ್ಳುತ್ತಾ.

"ಸೂಜಿ ಯಾರಿಗೆ ಆತವ್ವ?" ಎಂದ ಬಸ್ಸಪ್ಪ.

"ಹದಿನಾಲ್ಕಕ್ಕರಿ," ಎಂದಳು ಪೀರಮ್ಮ. "ಬರಕೋರಿ."